ಓದದೆ ಹಾಕಿದ ಸಹಿ

ಹುಮನಾಬಾದಿನ ಹೆದ್ದಾರಿಯ ಪಕ್ಕದಲ್ಲಿ ಲಾಲ್ ಅಹ್ಮದ್ ಅವರದೊಂದು ಸೀಟು ಹೊಲಿಯುವ ಅಂಗಡಿ ಇದೆ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟ ಲಾರಿಗಳು ಅಲ್ಲಿ ಅರ್ಧ ದಿನ ನಿಂತು, ಹರಿದ ಸೀಟು ಬಿಚ್ಚಿಸಿ, ಹೊಸ ರೆಕ್ಸಿನ್ ಹಾಕಿಸಿಕೊಂಡು ಮುಂದೆ ಹೋಗುತ್ತವೆ. ಆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಹೊಲಿಗೆ ಮಷಿನ್ನಿನ ಮುಂದೆ ಕೂತವನು ಪ್ರೇಮಕುಮಾರ. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಎಂಟರ ಬಸ್ಸಿಗೆ ಬಂದು ಸಂಜೆ ಆರರ ಬಸ್ಸಿಗೆ ತಿರುಗುವವನು. ಮಾತು ಕಡಿಮೆ, ಕೈ ಚುರುಕು.

ಲಾರಿ ಡ್ರೈವರುಗಳಿಗೆ ಸೀಟಿನ ಬೆನ್ನ ಮೇಲೆ ಮಕ್ಕಳ ಹೆಸರು ಹೊಲಿಸುವ ಹುಚ್ಚು. ಯಾರಾದರೂ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟರೆ ಪ್ರೇಮಕುಮಾರ ಆ ಗೆರೆ ಹಿಡಿದು ಹೊಲಿಯುತ್ತಿದ್ದ. ಅವನು ಹೊಲಿದ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತದೆಂದು ಸೊಲ್ಲಾಪುರದ ತನಕ ಹೆಸರಿತ್ತು. ತಾನು ಹೊಲಿದದ್ದು ಯಾರ ಹೆಸರೆಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ.

ಶಾಲೆಗೆ ಹೋಗದವನೇನಲ್ಲ. ಏಳನೆಯ ತರಗತಿಯವರೆಗೆ ಹೋಗಿದ್ದ. ಕರಿಹಲಗೆ ಮೇಲಿನದನ್ನು ನೋಡಿ ಚಿತ್ರದಂತೆ ಇಳಿಸಿಕೊಳ್ಳುತ್ತಿದ್ದ; ಓದು ಅಂದರೆ ಬಾಯಿ ಕಟ್ಟುತ್ತಿತ್ತು. ಒಂದು ಅಕ್ಷರವನ್ನು ಹಿಡಿದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಕೈಬಿಟ್ಟು ಹೋಗಿರುತ್ತಿತ್ತು. ಮಾಸ್ತರರು ಬಾಸುಂಡೆ ಬರುವಂತೆ ಹೊಡೆದರು, ಬೆಂಚಿನ ಮೇಲೆ ನಿಲ್ಲಿಸಿದರು. ಹುಡುಗರು ‘ಮೊದ್ದು ಪ್ರೇಮ್ಯಾ’ ಎಂದು ಕರೆದರು. ಅವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕರೆಯುತ್ತಿದ್ದವನು ಪಕ್ಕದ ಓಣಿಯ ಅಂಬರೀಷ. ತಾನು ಮೊದ್ದ ಎಂದು ಪ್ರೇಮಕುಮಾರನೂ ನಂಬಿದ. ಶಾಲೆ ಬಿಟ್ಟ.

ಆಮೇಲೆ ಅವನು ಕಲಿತದ್ದು ಮುಚ್ಚಿಟ್ಟುಕೊಳ್ಳುವುದನ್ನು. ಬಸ್ಸಿನ ಬೋರ್ಡು ನೋಡದೆ ಕಂಡಕ್ಟರನ ಮುಖ ನೋಡಿ ಹತ್ತುತ್ತಿದ್ದ. ಚರ್ಚಿನಲ್ಲಿ ಗೀತೆಯ ಪುಸ್ತಕ ತೆರೆದು ಹಿಡಿದು, ಬಾಯಿಪಾಠವಾದದ್ದನ್ನು ಹಾಡುತ್ತಿದ್ದ. ಪುಟವನ್ನು ಪಕ್ಕದವರ ಜೊತೆ ಜೊತೆಗೇ ತಿರುಗಿಸುತ್ತಿದ್ದ. ಯಾರಾದರೂ ಕಾಗದ ಕೊಟ್ಟರೆ, “ಚಷ್ಮಾ ಮರತು ಬಂದೀನ್ರಿ, ಜರಾ ನೀವೇ ಓದ್ರಿ” ಎನ್ನುತ್ತಿದ್ದ. ಅವನ ಬಳಿ ಚಷ್ಮಾ ಇರಲೇ ಇಲ್ಲ. ಸಹಿಯನ್ನು ಮಾತ್ರ ಒಂದು ಹೂಬಳ್ಳಿಯ ನಕಾಶೆ ಕಲಿತ ಹಾಗೆ ಕಲಿತಿದ್ದ. ಈ ಗುಟ್ಟು ಹೆಂಡತಿ ಮನಿಷಾಳಿಗೆ ಮದುವೆಯಾದ ಮೂರು ವರ್ಷದ ಮೇಲೆ ತಿಳಿಯಿತು. ಅವಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಮನೆಗೆ ಬರುವ ಕಾಗದಗಳನ್ನೆಲ್ಲ ಅವಳೇ ಓದುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಅಮೃತ. ಮೂರನೆಯ ತರಗತಿಯಲ್ಲಿದ್ದಾಗ ಒಂದು ದಿನ ಅವಳು ಪಡಸಾಲೆಯಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ‘ಮನೆ’ಯನ್ನು ‘ನೆಮ’ ಎಂದು, ಮತ್ತೆ ‘ನಮೆ’ ಎಂದು ಓದುತ್ತಿದ್ದುದನ್ನು ಪ್ರೇಮಕುಮಾರ ಕೇಳಿದ. ಮನಿಷಾ ಒಳಗಿನಿಂದ, “ಬರೋಬ್ಬರಿ ನೋಡಿ ಓದು” ಎಂದು ಗದರಿದಳು. ಅವನು ಎದ್ದು ಅಂಗಳಕ್ಕೆ ಹೋಗಿ ನಿಂತ. ಏನಾಗಿದೆಯೆಂದು ಆ ಮನೆಯಲ್ಲಿ ಅವನೊಬ್ಬನಿಗೆ ಗೊತ್ತಾಗಿತ್ತು. ತನ್ನ ರಕ್ತದ್ದೇ ಇದು ಎಂದುಕೊಂಡ. ಬಾಯಿ ಬಿಡಲಿಲ್ಲ.

ಮುಂದಿನ ಐದು ವರ್ಷ ಅಮೃತಳೂ ಬೆಂಚಿನ ಮೇಲೆ ನಿಂತಳು, ಟ್ಯೂಷನ್ನಿಗೆ ಹೋದಳು, ಅತ್ತಳು. ಕೇಳಿದ ಪಾಠವನ್ನು ಒಂದು ಮಾತು ಬಿಡದೆ ಹೇಳುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಮುಖ ಬಾಡುತ್ತಿತ್ತು.

ಎಂಟನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಗಜಾಲಾ ಎಂಬ ಟೀಚರ್ ಬಂದರು. ಎರಡು ತಿಂಗಳು ಅಮೃತಳನ್ನು ಗಮನಿಸಿ, ಗಂಡ ಹೆಂಡತಿ ಇಬ್ಬರನ್ನೂ ಶಾಲೆಗೆ ಕರೆಸಿದರು.

“ನಿಮ್ಮ ಹುಡುಗಿ ದಡ್ಡಿ ಅಲ್ರಿ,” ಎಂದರು. “ನಾ ಹೇಳಿದ್ದೆಲ್ಲ ಆಕಿ ತಲ್ಯಾಗ ಅದ. ಓದು ಅಂದಾಗ ಮಾತ್ರ ಅಕ್ಷರ ಆಕಿ ಮುಂದ ನಿಲ್ಲಂಗಿಲ್ಲ. ಇದಕ್ಕ ಕಲಿಕಾ ನ್ಯೂನತೆ ಅಂತಾರ, ಡಿಸ್ಲೆಕ್ಸಿಯಾ. ಹುಟ್ಟಾ ಬರ್ತದ. ಹೊಡೆದ್ರ, ಬೈದ್ರ ಹೋಗೂದಲ್ಲ. ಎಷ್ಟೋ ಸಲ ಮನೆತನದಾಗೇ ಇರ್ತದ. ನಿಮ್ಮ ಮನ್ಯಾಗ ಯಾರಿಗಾರ ಹಿಂಗ ಅದ ಏನ್ರಿ?”

ಮನಿಷಾ ಗಂಡನ ಕಡೆ ನೋಡಿದಳು.

“ಇಲ್ರಿ ಮೇಡಮ್. ಯಾರಿಗೂ ಇಲ್ಲ,” ಎಂದ ಪ್ರೇಮಕುಮಾರ.

ಚಿಕ್ಕಂದಿನಿಂದ ಮೊದ್ದ ಎನ್ನಿಸಿಕೊಂಡವನಿಗೆ, ಅದಕ್ಕೊಂದು ಬೇರೆ ಹೆಸರಿದೆ ಎಂದು ತಿಳಿದದ್ದು ಅವತ್ತು. ಬಸ್ಸಿನಲ್ಲಿ ಕೂತು ಆ ಹೆಸರನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡ. ಹುಮನಾಬಾದು ಬರುವಷ್ಟರಲ್ಲಿ ಅದರ ಅರ್ಧ ಮರೆತಿತ್ತು.

ಗಜಾಲಾ ಟೀಚರ್ ಸುಮ್ಮನೆ ಹೇಳಿ ಬಿಡಲಿಲ್ಲ. ಮನೆಯ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಪುಟದ ಮೇಲೆ ಕ್ಯಾಮೆರಾ ಹಿಡಿದರೆ ಫೋನು ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಓದುತ್ತಿರುವ ಶಬ್ದದ ಮೇಲೆ ಹಳದಿ ಬಣ್ಣ ಸರಿಯುತ್ತಾ ಹೋಗುತ್ತಿತ್ತು. ಆ ಭಾನುವಾರ ಅಮೃತ ಇತಿಹಾಸದ ಪುಸ್ತಕ ತೆರೆದು ಅದರ ಮುಂದೆ ಕೂತಳು. ಯಾವುದೋ ಹೆಂಗಸಿನ ದನಿ, ಬೆಂಗಳೂರಿನ ಕಡೆಯ ಕನ್ನಡ. ಇಸವಿ ಬಂದ ಕಡೆ “ಕ್ರಿ ಡಾಟ್ ಶ ಡಾಟ್” ಎಂದು ಓದಿತು. ಅಮೃತ ಬಿದ್ದು ಬಿದ್ದು ನಕ್ಕಳು. ಪುಸ್ತಕ ಎದುರಿಗಿದ್ದೂ ಅವಳು ನಕ್ಕದ್ದನ್ನು ಆ ಮನೆಯಲ್ಲಿ ಯಾರೂ ಹಿಂದೆ ನೋಡಿರಲಿಲ್ಲ.

“ಏನ್ ಬೇಕಾದ್ದು ಓದ್ತದ?” ಎಂದು ಕೇಳಿದ ಪ್ರೇಮಕುಮಾರ.

“ಏನ್ ಬೇಕಾದ್ದು, ಪಪ್ಪಾ. ಅಚ್ಚಾಗಿದ್ದು ಇರಬೇಕು ಅಷ್ಟ. ಕೈಬರಹ ಇದ್ರ ತಪ್ಪು ಓದ್ತದ.”

ಮಗಳು ನೀರಿಗೆ ಹೋದಾಗ ಅವನು ಫೋನನ್ನು ಗೋಡೆಯ ಕ್ಯಾಲೆಂಡರಿಗೆ ಹಿಡಿದ. ಅದು ತಿಥಿ, ನಕ್ಷತ್ರ, ಯಾವುದೋ ಬಟ್ಟೆ ಅಂಗಡಿಯ ವಿಳಾಸ ಎಲ್ಲವನ್ನೂ ಓದಿತು. ಹಿತ್ತಲ ಬಾಗಿಲು ಸದ್ದಾಯಿತು. ಅವನು ಕಳ್ಳನ ಹಾಗೆ ಫೋನು ಕೆಳಗಿಟ್ಟ.

ಎರಡು ವರ್ಷ ಚೆನ್ನಾಗಿ ನಡೆಯಿತು. ಅಮೃತ ಫೋನಿನಿಂದ ಕೇಳಿ ಕೇಳಿ ಓದಿದಳು. ಒಂಬತ್ತನೆಯ ತರಗತಿಯಲ್ಲಿ ಟೀಚರೇ ಪ್ರಶ್ನೆ ಓದಿ ಹೇಳಿ, ಅವಳ ಉತ್ತರಗಳನ್ನು ಬರೆದುಕೊಂಡರು. ವಿಜ್ಞಾನದಲ್ಲಿ ನೂರಕ್ಕೆ ಎಪ್ಪತ್ತೊಂದು ಬಂತು. ಕಾಲೇಜಿಗೆ ಹೋದರೆ ಸೈನ್ಸೇ ತಗೋತೀನಿ ಎಂದು ಗೆಳತಿಯರ ಮುಂದೆ ಹೇಳುವಷ್ಟಾದಳು.

ಹತ್ತನೆಯದರ ಪರೀಕ್ಷೆ ಶಾಲೆಯ ಕೈಯಲ್ಲಿರುವುದಲ್ಲ. ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಡುವ ಸಹಾಯಕರು ಬೇಕೆಂದರೆ ವೈದ್ಯರ ಪ್ರಮಾಣಪತ್ರ ಬೇಕು. ಗಜಾಲಾ ಟೀಚರ್ ಕಾಗದಪತ್ರ ಮಾಡಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಮೊದಲ ಸಲ ಹೋದಾಗ ಅಲ್ಲಿದ್ದ ಡಾಕ್ಟರು ಅಮೃತಳನ್ನು ಮೇಲಿನಿಂದ ಕೆಳಗೆ ನೋಡಿ, “ಕೈಕಾಲು ಸರಿ ಅವ, ಕಣ್ಣು ಸರಿ ಅವ. ಯಾವ ಊನಕ್ಕಂತ ಬಂದೀರಿ?” ಎಂದು ಕೇಳಿದರು. ಈ ನ್ಯೂನತೆಯನ್ನು ಪರೀಕ್ಷೆ ಮಾಡುವವರು ತಿಂಗಳಿಗೊಮ್ಮೆ ಬರುತ್ತಾರೆಂದು ತಿಳಿದದ್ದು ಆಮೇಲೆ. ಮೂರನೆಯ ಸಲಕ್ಕೆ ಅವರು ಸಿಕ್ಕರು. ಎರಡು ತಾಸು ಕೂರಿಸಿ ಓದಿಸಿದರು, ಬರೆಸಿದರು. ಡಿಸೆಂಬರಿನಲ್ಲಿ ಪ್ರಮಾಣಪತ್ರ ಬಂತು. ಮನಿಷಾ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬೈಬಲ್ಲಿನ ಜೊತೆ ಎತ್ತಿಟ್ಟಳು.

ಅದೇ ವಾರ ಗಜಾಲಾ ಟೀಚರಿಗೆ ಗೋರ್ಟಾದ ಶಾಲೆಗೆ ವರ್ಗವಾಯಿತು. ಹೋಗುವ ಮುಂಚೆ ಪ್ರೇಮಕುಮಾರನಿಗೆ ಫೋನ್ ಮಾಡಿದರು.

“ಸಹಾಯಕರು ಬೇಕು ಅಂತ ಪಾಲಕರ ಸಹಿ ಬೇಕಾಗ್ತದ್ರಿ. ಹೆಡ್ ಮಾಸ್ತರು ಕರೀತಾರ. ಎರಡು ಫಾರಂ ಇರ್ತಾವ, ಒಂದು ಬೇಕು ಅನ್ನೋದು, ಒಂದು ಬ್ಯಾಡ ಅನ್ನೋದು. ಓದಿ ನೋಡಿ ಸಹಿ ಮಾಡ್ರಿ, ಹಾಂ?”

“ಹೂಂ ಮೇಡಮ್,” ಎಂದ.

ಶಾಲೆಯಿಂದ ಕರೆ ಬಂದ ದಿನ ಮನಿಷಾ ಊರಲ್ಲಿರಲಿಲ್ಲ. ಮಂಠಾಳದಲ್ಲಿ ಅವಳ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಬೆಳಿಗ್ಗೆ ಅವಳು ಅಲ್ಲಿಂದಲೇ ಹೇಳಿದ್ದಳು: “ಫೋನ್ ತಗೊಂಡು ಹೋಗ್ರಿ. ಫಾರಂ ಮ್ಯಾಲ ಹಿಡೀರಿ, ಓದ್ತದ. ನಾಚಬ್ಯಾಡ್ರಿ.”

ಹೆಡ್ ಮಾಸ್ತರರ ಕೋಣೆಯಲ್ಲಿ ಏಳೆಂಟು ಪಾಲಕರು ಕೂತಿದ್ದರು. ಪ್ರೇಮಕುಮಾರ ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಅಂಬರೀಷನ ಮುಖ. ಈಗ ಅವನು ಶಾಲೆಯ ಸಮಿತಿಯ ಸದಸ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ.

“ಏನ್ ಪ್ರೇಮ್ಯಾ, ಆರಾಮ?” ಎಂದು ಪಕ್ಕದ ಕುರ್ಚಿ ತೋರಿಸಿದ.

ಗುಮಾಸ್ತ ಎರಡು ಹಾಳೆ ತಂದು ಮುಂದಿಟ್ಟ. “ಎರಡರಾಗ ಒಂದಕ್ಕ ಸಹಿ ಮಾಡ್ರಿ. ಓದಿ ನೋಡಿ ಮಾಡ್ರಿ.”

ಎರಡೂ ಒಂದೇ ಥರ ಕಂಡವು. ಮೇಲೊಂದು ಮುದ್ರೆ, ಕೆಳಗೆ ಗೆರೆ, ನಡುವೆ ಇರುವೆ ಸಾಲಿನ ಹಾಗೆ ಅಕ್ಷರ. ಪ್ರೇಮಕುಮಾರ ಜೇಬಿನ ಮೇಲೆ ಕೈಯಿಟ್ಟ. ಫೋನು ಅಲ್ಲೇ ಇತ್ತು. ತೆಗೆದು ಹಿಡಿದರೆ ಆ ಹೆಂಗಸಿನ ದನಿ ಇಡೀ ಕೋಣೆಗೆ ಕೇಳುತ್ತದೆ. ದನಿ ಸಣ್ಣದು ಮಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅಂಬರೀಷ ಅವನ ಕೈಯನ್ನೇ ನೋಡುತ್ತಿದ್ದ. ಅಥವಾ ಅವನಿಗೆ ಹಾಗನಿಸಿತು. ಚಷ್ಮಾದ ಮಾತು ಹೇಳೋಣವೆಂದರೆ, ಓದಿ ಹೇಳಲು ಕೈಚಾಚುವವನು ಅಂಬರೀಷನೇ.

ಅವನು ಮೇಲಿನ ಹಾಳೆ ಎತ್ತಿಕೊಂಡ. ಕಣ್ಣನ್ನು ಎಡದಿಂದ ಬಲಕ್ಕೆ ಸಾಲು ಸಾಲಾಗಿ ಸರಿಸಿದ. ಎಷ್ಟು ಹೊತ್ತು ಸರಿಸಬೇಕೋ ಅಷ್ಟು ಹೊತ್ತು ಸರಿಸಿದ. ಬೇಕು ಅನ್ನುವುದೇ ಮೇಲಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಸಹಿ ಹಾಕಿದ.

ಹೆಡ್ ಮಾಸ್ತರರು ಹಾಳೆ ನೋಡಿ ಹುಬ್ಬೇರಿಸಿದರು. “ವಿಚಾರ ಮಾಡಿ ಮಾಡಿದ್ರಿಲ್ಲ?”

“ಹೌದ್ರಿ ಸರ್.”

“ಖರೇ ಹೇಳಬೇಕಂದ್ರ ನನಗೂ ಹಗುರಾತು ನೋಡ್ರಿ. ಸಹಾಯಕರನ್ನ ಎಲ್ಲಿಂದ ತರೂದು ಅಂತ ಚಿಂತಿ ಹತ್ತಿತ್ತು. ಹುಡುಗಿ ಸ್ವಂತ ಬರೀತಾಳಂದ್ರ ಭೇಷ್ ಆತು.”

ಆ ಮಾತು ಕಿವಿಗೆ ಬಿದ್ದ ಕೂಡಲೇ ಪ್ರೇಮಕುಮಾರನಿಗೆ ಎಲ್ಲವೂ ತಿಳಿಯಿತು. ಹಾಳೆ ಇನ್ನೂ ಮೇಜಿನ ಮೇಲೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. “ಸರ್, ತಪ್ಪಾತು” ಎಂದರೆ ಸಾಕಿತ್ತು. ಹೇಗೆ ತಪ್ಪಾಯಿತೆಂದು ಮರುಪ್ರಶ್ನೆ ಬಂದರೆ? ಎದ್ದು ಕೈಮುಗಿದು ಹೊರಬಂದ. ಮೆಟ್ಟಿಲ ಮೇಲೆ ನಿಂತ. ಮತ್ತೆ ಬಾಗಿಲ ತನಕ ಹೋದ. ಒಳಗೆ ಅಂಬರೀಷ ಏನೋ ಹೇಳಿ ಎಲ್ಲರೂ ನಗುತ್ತಿದ್ದರು. ನಗು ತನ್ನ ಬಗ್ಗೆ ಇರಲಿಕ್ಕಿಲ್ಲ. ಆದರೂ ಅವನು ತಿರುಗಿದ. ನಾಳೆ ಒಬ್ಬನೇ ಬಂದು ಹೇಳಿದರಾಯಿತು ಎಂದುಕೊಂಡು ಹುಮನಾಬಾದಿನ ಬಸ್ಸು ಹತ್ತಿದ.

“ಸಹಿ ಮಾಡಿದ್ರಿ?” ಎಂದು ಮಧ್ಯಾಹ್ನ ಮನಿಷಾ ಫೋನಿನಲ್ಲಿ ಕೇಳಿದಳು.

“ಹೂಂ.”

“ಫೋನ್ ಹಿಡಿದು ಕೇಳಿದ್ರಿಲ್ಲ?”

“ಹೂಂ,” ಎಂದ.

ನಾಳೆ ಎಂದದ್ದು ನಾಡಿದ್ದಾಯಿತು. ಆರನೆಯ ದಿನ ಗಜಾಲಾ ಟೀಚರ್ ಗಾಬರಿಯಿಂದ ಫೋನ್ ಮಾಡಿ, ಸಹಾಯಕರು ಬೇಕಾದವರ ಪಟ್ಟಿಯಲ್ಲಿ ಅಮೃತಳ ಹೆಸರಿಲ್ಲ ಎಂದಾಗ ಅವನು ಕತ್ತರಿ ಕೆಳಗಿಟ್ಟು ಶಾಲೆಗೆ ಓಡಿದ. ಹೆಡ್ ಮಾಸ್ತರರು ಕೆಟ್ಟವರಲ್ಲ. ಅಲ್ಲಿಗೆ ಇಲ್ಲಿಗೆ ಫೋನ್ ಮಾಡಿದರು. ಪಟ್ಟಿ ಮೇಲೆ ಹೋಗಿತ್ತು. ಕಂಪ್ಯೂಟರಿನಲ್ಲಿ ಹೆಸರು ಸೇರಿಸುವ ಗಡುವು ಮುಗಿದಿತ್ತು.

“ಒಂದು ಅರ್ಜಿ ಬರದು ಕೊಡ್ರಿ,” ಎಂದರು. “ಬ್ಯಾಡ ಅಂತ ಸಹಿ ಯಾಕ ಮಾಡಿದ್ರಿ, ಈಗ ಯಾಕ ಬೇಕು, ಕಾರಣ ಸಹಿತ ನಿಮ್ಮ ಕೈಲೇ ಬರೀರಿ. ನಾ ಮ್ಯಾಲ ಕಳಸ್ತೀನಿ.”

ಬರೆಯುವುದು! ಅವನು ಅಂಗಡಿಗೆ ಬಂದು ಲಾಲ್ ಅಹ್ಮದರ ಮುಂದೆ ಕೂತ. “ಚಾಚಾ, ಒಂದು ಅರ್ಜಿ ಬರದು ಕೊಡ್ತೀರೇನು?”

“ಉರ್ದೂದಾಗ ಬರೀತೀನಿ ಬೇಟಾ. ಕನ್ನಡ ನನಗೆಲ್ಲಿ ಬರ್ತದ?” ಎಂದರು ಮುದುಕರು. “ನೀ ಸಾಲಿ ಕಲ್ತಾಂವ. ನೀನೇ ಬರೀಬಾರ್ದೇನು?”

ಕಡೆಗೆ ಗೋರ್ಟಾಕ್ಕೆ ಹೋದ. ಶಾಲೆಯ ಕಟ್ಟೆಯ ಮೇಲೆ ಗಜಾಲಾ ಟೀಚರ್ ಕಾಗದ, ಪೆನ್ನು ಹಿಡಿದು ಕೂತರು. “ಕಾರಣ ಏನಂತ ಬರೀಲಿ? ಓದಿ ನೋಡ್ರಿ ಅಂತ ನಾ ಹೇಳಿದ್ನಲ್ರಿ.”

ಅವನು ಹೇಳಿದ: “ಮೇಡಮ್, ನನಗ ಓದಾಕ ಬರಂಗಿಲ್ಲ. ಅಮೃತಾಗ ಏನಾಗ್ಯಾದೋ ನನಗೂ ಅದೇ ಅದ. ಅವತ್ತು ನೀವು ಕೇಳಿದಾಗ ಸುಳ್ಳು ಹೇಳಿದ್ದೆ.”

ಪೆನ್ನು ನಿಂತಿತು. ಅವರ ಕಣ್ಣಲ್ಲಿ ಸಿಟ್ಟಿತ್ತೋ ನೀರಿತ್ತೋ, ಅವನು ತಲೆ ಎತ್ತಿ ನೋಡಲಿಲ್ಲ.

“ಅಮೃತಾಗ ಗೊತ್ತದ?”

“ಇಲ್ರಿ.”

ಅವರು ಮತ್ತೇನೂ ಕೇಳದೆ ಬರೆದರು. ಬರೆದದ್ದನ್ನು ಓದಿ ಹೇಳಿದರು. ‘ನಾನು ಓದಲು ಬಾರದವನಾದ್ದರಿಂದ’ ಎಂಬಲ್ಲಿ ತಡೆದು, “ಇದು ಇರ್ಲೇನ್ರಿ?” ಎಂದರು. “ಇರ್ಲಿ ಬಿಡ್ರಿ,” ಎಂದ.

ಹೆಡ್ ಮಾಸ್ತರರ ಸಹಿ ಹಾಕಿಸಿ, ಆ ಕಾಗದವನ್ನು ಅವನೇ ಶಿಕ್ಷಣ ಇಲಾಖೆಯ ಕಚೇರಿಗೆ ಒಯ್ದ. ಅಲ್ಲಿಯ ಗುಮಾಸ್ತ ಅದನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನೋಡಿದ. “ಏಳನೇತ್ತೆ ತನಕ ಕಲಿತೀನಿ ಅಂತ ಬರದೀರಿ. ಓದಾಕ ಬರಂಗಿಲ್ಲ ಅಂತಲೂ ಬರದೀರಿ. ಇದರಾಗ ಯಾವುದು ಖರೇ?”

“ಎರಡೂ ಖರೇನರಿ.”

ಗುಮಾಸ್ತ ಮುದ್ರೆ ಒತ್ತಿ ಕಾಗದವನ್ನು ಒಂದು ಕಟ್ಟಿನಡಿ ಸೇರಿಸಿದ. ಆಮೇಲೆ ಪ್ರೇಮಕುಮಾರ ಪ್ರತಿ ಸೋಮವಾರ ಅಲ್ಲಿಗೆ ಹೋಗಿ ನಿಂತ. “ಇನ್ನೂ ಬಂದಿಲ್ರಿ” ಎನ್ನುವುದೇ ಉತ್ತರ. ಮಂಜೂರಿ ಬಂದಿಲ್ಲ ಎಂದಷ್ಟೇ ಮನೆಯಲ್ಲಿ ಹೇಳಿದ. ಮನಿಷಾಳಿಗೆ ಅನುಮಾನ ಬಂದಿರಬೇಕು. ಗಂಡನ ಮುಖ ನೋಡಿ ಸುಮ್ಮನಾದಳು. ಅಮೃತಳೇ ಅವನಿಗೆ ಧೈರ್ಯ ಹೇಳುತ್ತಿದ್ದಳು: “ಬರ್ತದ ಬಿಡು ಪಪ್ಪಾ. ಪರೀಕ್ಷಾ ಇನ್ನಾ ದೂರ ಅದ.” ಫೆಬ್ರುವರಿ ಮುಗಿದ ಮೇಲೆ ಅವಳು ಹಾಗೆನ್ನುವುದನ್ನು ಬಿಟ್ಟಳು. ಫೋನು ಬದಿಗಿಟ್ಟು, ಚಿಕ್ಕಂದಿನ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಓದಲು ಕೂತಳು. ಒಂದು ಪುಟಕ್ಕೆ ಮುಕ್ಕಾಲು ತಾಸು ಹಿಡಿಯುತ್ತಿತ್ತು.

ಪರೀಕ್ಷೆ ಬಂದೇ ಬಂತು. ಮೊದಲ ದಿನ ಕನ್ನಡ. ಮನಿಷಾ ಮತ್ತೆ ತಾಯಿಯ ಬಳಿ ಹೋಗಬೇಕಾಗಿತ್ತು. ಪ್ರೇಮಕುಮಾರ ಕೆಲಸಕ್ಕೆ ಹೋಗದೆ ಶಾಲೆಯ ಗೇಟಿನ ಹೊರಗೆ ನಿಂತ. ಮೂರು ತಾಸು ಕಳೆಯಿತು. ಒಳಗೆ ಏನಾಗುತ್ತಿದೆಯೆಂದು ಆ ಗೇಟಿನ ಮುಂದೆ ನಿಂತ ಎಲ್ಲ ತಂದೆತಾಯಿಗಳಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಷರ ಕದಲುವುದು, ಹಿಂದಿನ ಬೆಂಚಿನಿಂದ ಪುಟ ಮಗುಚುವ ಸದ್ದು ಕೇಳುವುದು, ಅಂಗೈ ಬೆವರಿ ಕಾಗದ ಒದ್ದೆಯಾಗುವುದು.

ಗಂಟೆ ಹೊಡೆಯಿತು. ಅಮೃತ ಎಲ್ಲರಿಗಿಂತ ಕಡೆಗೆ ಬಂದಳು.

“ನಾಕು ಪ್ರಶ್ನೆ ಓದ್ದೆ ಪಪ್ಪಾ,” ಎಂದಳು. “ಉಳಿದಿದ್ದು ಓದೂದ್ರಾಗ ಪೇಪರ್ ಕಸಗೊಂಡ್ರು. ಎಲ್ಲಾ ಬರ್ತಿತ್ತು. ಕೋಣೆ ಹೊರಗ ಬಂದ ಮ್ಯಾಲ ನಮ್ಮ ಕ್ಲಾಸಿನ ಪೂಜಾ ಪ್ರಶ್ನೆ ಹೇಳಿದಳು. ಎಲ್ಲಾ ಬರ್ತಿತ್ತು ನನಗ.”

ಅವಳನ್ನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದೊಯ್ದು ಚಹಾ ಹೇಳಿದ. ಲೋಟ ಮುಂದೆ ಬಂದ ಮೇಲೂ ಇಬ್ಬರೂ ಮುಟ್ಟಲಿಲ್ಲ. ಸರ್ಕಾರ ಯಾಕೆ ಹೀಗೆ ಮಾಡಿತು ಎಂದು ಅವಳು ಕೇಳಿದಳು. ಅವನಿಗೆ ತಡೆಯಲಾಗಲಿಲ್ಲ.

“ಸರ್ಕಾರ ಅಲ್ಲ. ನಾ ಮಾಡೀನಿ,” ಎಂದ. ಎರಡು ಹಾಳೆಯ ಕತೆ, ಅಂಬರೀಷ, ಜೇಬಿನಲ್ಲಿದ್ದ ಫೋನು ಎಲ್ಲ ಹೇಳಿದ. ಹೇಳುವಾಗ ಅವಳ ಕೈಬೆರಳನ್ನೇ ನೋಡುತ್ತಿದ್ದ. ಬೈದರೆ ಬೈಯಲಿ, ಲೋಟ ಎತ್ತಿ ಎಸೆದರೆ ಎಸೆಯಲಿ ಎಂದು ಕಾದ.

ಅಮೃತ ಬೈಯಲಿಲ್ಲ. “ನಿನಗೂ ಓದಾಕ ಬರಂಗಿಲ್ಲ?” ಎಂದಳು.

“ಇಲ್ಲ.”

“ಸಣ್ಣಾಂವ ಇದ್ದಾಗಿಂದ?”

“ಹೂಂ.”

“ನಾ ಮೂರನೇತ್ತೆ ಇದ್ದಾಗ ನಿನಗ ಗೊತ್ತಿತ್ತು?”

ಅವನು ಹೌದೆಂದು ತಲೆ ಆಡಿಸಿದ.

ಅವಳು ಅತ್ತದ್ದು ಆಗ. ಸಹಿಯ ಮಾತಿಗೆ ಅಲ್ಲ. “ಹೇಳ್ಬೇಕಿತ್ತಿಲ್ಲೋ ಪಪ್ಪಾ,” ಎಂದಳು. “ಇಡೀ ಊರಾಗ ನಾ ಒಬ್ಬಾಕಿನೇ ಹಿಂಗ ಅಂದ್ಕೊಂಡಿದ್ದೆ. ಸಾಯ್ಲೇನು ಅಂತ ಎಷ್ಟು ಸಲ ಅನಿಸ್ಯಾದ ಗೊತ್ತೇನು ನಿನಗ? ಮನ್ಯಾಗ ನನ್ನಂಗ ಇನ್ನೊಬ್ರು ಅದಾರ ಅಂತ ಗೊತ್ತಿದ್ರ ಸಾಕಿತ್ತು.”

ಅವನು ಅವಳ ತಲೆಯ ಮೇಲೆ ಕೈಯಿಡಲು ಹೋದ. ಅವಳು ತಲೆ ಸರಿಸಿಕೊಂಡಳು.

ಗಣಿತದಲ್ಲಿ ಪಾಸಾದಳು, ಹಿಂದಿಯಲ್ಲಿ ಅಂಚಿನಲ್ಲಿ ದಾಟಿದಳು. ಉಳಿದ ನಾಲ್ಕರಲ್ಲಿ ಹೋಯಿತು. ವಿಜ್ಞಾನದಲ್ಲಿ ಹತ್ತೊಂಬತ್ತು. ಎರಡನೆಯ ಸಲದ ಪರೀಕ್ಷೆಯ ಹೊತ್ತಿಗೂ ಮಂಜೂರಿ ಬರಲಿಲ್ಲ. ಗಜಾಲಾ ಟೀಚರ್ ಕಚೇರಿಯಿಂದ ಕಚೇರಿಗೆ ಅಲೆದರು. ಅರ್ಜಿ ಇನ್ನೊಂದು ಕಡೆ ಹೋಗಿದೆಯೆಂದು ಹೇಳಿದರಂತೆ, ಎಲ್ಲಿಗೆಂದು ಹೇಳಲಿಲ್ಲ. ಅಮೃತ ಹಟ ಹಿಡಿದು ಬರೆದಳು, ಸಮಾಜ ಒಂದರಲ್ಲಿ ಪಾರಾದಳು. ಮುಂದಿನ ಸಲ ಮಂಜೂರಿ ಖಂಡಿತ ಸಿಗುತ್ತದೆ, ಇನ್ನೊಮ್ಮೆ ಪರೀಕ್ಷೆಗೆ ಕಟ್ಟು ಎಂದು ಟೀಚರ್ ಎಷ್ಟು ಹೇಳಿದರೂ, “ಸಾಕ್ರಿ ಮೇಡಮ್,” ಎಂದಳು. ಮನಿಷಾ ಬೈದಳು, ಕಾಲು ಹಿಡಿಯುವಷ್ಟು ಬೇಡಿಕೊಂಡಳು. ಅವಳಿಗೆ ಎಲ್ಲ ತಿಳಿದ ಮೇಲೆ ಗಂಡನ ಜೊತೆ ಮಾತು ಅಷ್ಟಕ್ಕಷ್ಟೇ ಆಗಿತ್ತು. ಪ್ರೇಮಕುಮಾರನಿಗೆ ಮಗಳಿಗೆ ಓದು ಎನ್ನುವ ಬಾಯಿಯೇ ಉಳಿದಿರಲಿಲ್ಲ.

ಜೂನಿನಲ್ಲಿ ಒಂದು ಬೆಳಿಗ್ಗೆ ಅವನು ಹೊರಟಾಗ ಅಮೃತಳೂ ಚಪ್ಪಲಿ ಮೆಟ್ಟಿ ನಿಂತಳು. “ನಾನೂ ಬರ್ತೀನಿ. ಮಷಿನ್ ಕಲಿಸು,” ಎಂದಳು. ಬೇಡ ಎನ್ನಬೇಕೆಂದು ಅವನಿಗಿತ್ತು. ಬೇಡವೆಂದರೆ ಬೇರೆ ಏನು ಎಂದು ಹೇಳಬೇಕಿತ್ತು. ಇಬ್ಬರೂ ಬಸ್ಸು ಹತ್ತಿದರು. ಅವಳು ಕಿಟಕಿಯ ಪಕ್ಕ ಕೂತಳು.

ಊರು ದಾಟುವ ಮುಂಚಿನ ಸ್ಟಾಪಿನಲ್ಲಿ ಮೂವರು ಹುಡುಗಿಯರು ಹತ್ತಿದರು. ಹುಮನಾಬಾದಿನ ಕಾಲೇಜಿನ ಹೊಸ ಯೂನಿಫಾರಂ, ಇನ್ನೂ ಮಡಿಕೆಯ ಗೆರೆ ಹೋಗಿರಲಿಲ್ಲ. ಮೂವರೂ ಅಮೃತಳ ಜೊತೆ ಒಂದೇ ಬೆಂಚಿನಲ್ಲಿ ಕೂತವರು. ಅವರ ನಗು ಕೇಳಿ ಅವಳು ಓಡಣಿಯನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪ್ರೇಮಕುಮಾರ ಸೀಟಿನ ತುದಿಗೆ ಸರಿದು, ಬೆನ್ನು ಅಗಲ ಮಾಡಿ, ಅವರಿಗೂ ಮಗಳಿಗೂ ನಡುವೆ ಅಡ್ಡವಾಗಿ ಕೂತ. ಹುಮನಾಬಾದು ಬರುವ ತನಕ ಹಾಗೇ ಕೂತಿದ್ದ.